ಎಣ್ಣೆ ಹಚ್ಚಿದ ತಲೆಯಲ್ಲೇ ಸ್ಲೀಪ್ ಟೆಸ್ಟಿಗೆ ಹೋದೆ

ಸ್ಲೀಪ್ ಟೆಸ್ಟ್ ಅಂದರೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ನಿದ್ದೆ, ಉಸಿರು ಅಳೆಯುವುದು. ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ರಾತ್ರಿ ಕೆಲಸ ಮಾಡಿದ ಹುಡುಗಿಗೆ ಐದಕ್ಕೆ ಐದೂ ಕೊಡುತ್ತಿದ್ದೆ. ಬೆಳಿಗ್ಗೆ ನಡೆದದ್ದಕ್ಕೆ ಎರಡು ಕಡಿತ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಅಲ್ಲಿನ ಅರ್ಧ ಜನ ನಮ್ಮಲ್ಲೇ ಊಟಕ್ಕೆ ಬರುತ್ತಾರೆ.

ವಿಜಯಪುರದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ಮೇಲೆ ಮನೆ, ಕೆಳಗೆ ಒಲೆ. ನಾನು ನಾಲ್ಕೂವರೆಗೆ ಏಳಬೇಕು, ಮಧ್ಯಾಹ್ನದ ಹೊತ್ತಿಗೆ ಮುನ್ನೂರು ರೊಟ್ಟಿಯಾದರೂ ಆಗಬೇಕು. ಎರಡು ವರ್ಷದಿಂದ ಎದ್ದ ಕೂಡಲೇ ತಲೆ ಭಾರ. ಯಾವುದರಲ್ಲೂ ಮನಸ್ಸಿಲ್ಲ. ಸಿದ್ಧೇಶ್ವರ ಜಾತ್ರೆಗೂ ಹೋಗಲಿಲ್ಲ, ಅದೂ ಮನೆ ಬಾಗಿಲಲ್ಲೇ ಇದ್ದಂತೆ ಇದ್ದರೂ. ಲೆಕ್ಕ ತಪ್ಪುತ್ತಿತ್ತು, ಸುಮ್ನೆ ಅಳು ಬರುತ್ತಿತ್ತು. ಡಾಕ್ಟರಿಗೆ ತೋರಿಸಿದೆ. "ಟೆನ್ಶನ್ ಐತ್ರಿ, ಮುಟ್ಟು ನಿಲ್ಲೂ ವಯಸ್ಸೂ ಆತು" ಅಂದರು. ಮನಸ್ಸಿಗೆ ಅಂತ ಖಿನ್ನತೆಯ ಗುಳಿಗೆ ಎಸ್ಸಿಟಲೋಪ್ರಾಮ್, ನಿದ್ದೆಗೆ ಆಲ್‌ಪ್ರಜೋಲಾಮ್. ನಿದ್ದೆ ಬಂತು. ದಣಿವು ಹೋಗಲಿಲ್ಲ.

ಮಗಳು ಬಾಗಲಕೋಟೆಯಲ್ಲಿ ನರ್ಸಿಂಗ್ ಓದುತ್ತಾಳೆ. ದಸರೆಗೆ ಬಂದವಳು ನನ್ನ ಪಕ್ಕ ಮಲಗಿದ್ದಳು. ಬೆಳಿಗ್ಗೆ ಚಹಾ ಕುಡಿಯುವಾಗ, "ಅವ್ವಾ, ನೀ ನಿದ್ದ್ಯಾಗ ಉಸಿರಾ ನಿಂದರಸ್ತಿ. ಒಮ್ಮಿ ಇಪ್ಪತ್ತೆರಡು ಸೆಕೆಂಡ್ ಎಣಿಸೀನಿ" ಅಂದಳು. ಮನೆಯವರಿಗೆ ಇಪ್ಪತ್ತಾರು ವರ್ಷದಲ್ಲಿ ಇದು ಗೊತ್ತಾಗಿರಲಿಲ್ಲ. ಅವರು ನನಗಿಂತ ಮೊದಲೇ ಗೊರಕೆ ಶುರು ಮಾಡುತ್ತಾರೆ.

ಅದಕ್ಕೇ ಈ ಟೆಸ್ಟಿಗೆ ಹೋಗಿದ್ದು. ಲ್ಯಾಬಿನಲ್ಲಿ ಮೊದಲು ಒಂದು ಫಾರ್ಮು ಕೊಟ್ಟರು, ಎಪ್‌ವರ್ತ್ ಅಂತ. 1991ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಮರ್ರೆ ಜಾನ್ಸ್ ಮಾಡಿದ್ದಂತೆ, ಈಗ ಎಲ್ಲ ಕಡೆ ಇದೇ. ಎಂಟು ಪ್ರಶ್ನೆ, ಒಟ್ಟು 24 ಅಂಕ, ಹತ್ತು ದಾಟಿದರೆ ಹಗಲು ತೂಕಡಿಕೆ ಜಾಸ್ತಿ ಅಂತ ಅರ್ಥ. ಕೂತು ಓದುವಾಗ ತೂಕಡಿಸುತ್ತೀರಾ? ಟಿವಿ ನೋಡುವಾಗ? ಕಾರಿನಲ್ಲಿ ಒಂದು ತಾಸು ಕೂತಾಗ? ಊಟ ಆದಮೇಲೆ ಸುಮ್ಮನೆ ಕೂತಾಗ? ನನಗೆ ನಗು ಬಂತು. ಊಟದ ಹೊತ್ತಿಗೆ ನಾನು ಬಡಿಸುತ್ತಾ ಇರುತ್ತೇನೆ, ಕೂರುವುದೆಲ್ಲಿ? ನನಗೆ ಆರೇ ಅಂಕ ಬಂತು. ಪೇಪರಿನ ಪ್ರಕಾರ ನಾನು ಪೂರ್ತಿ ಎಚ್ಚರ. ಒಲೆ ಮುಂದೆ ನಿಂತವರು ತೂಕಡಿಸಿದರೆ ಕೈ ಸುಡುತ್ತದೆ, ಅದಕ್ಕೆ ತೂಕಡಿಸುವುದಿಲ್ಲ, ಅಷ್ಟೇ.

ರಾತ್ರಿ ಒಂಬತ್ತೂವರೆಗೆ ಟೆಕ್ನಿಷಿಯನ್ ಬಂದಳು, ಇಂಡಿ ಕಡೆಯ ಹುಡುಗಿ. ನನ್ನ ತಲೆ ಮುಟ್ಟಿದವಳೇ ಕೈ ಹಿಂದಕ್ಕೆ ಎಳೆದುಕೊಂಡಳು. "ಎಣ್ಣಿ ಹಚ್ಚೀರೇನ್ರಿ ಅಕ್ಕಾರ? ವೈರ್ ಹತ್ತೂದಿಲ್ರಿ." ಚೆನ್ನಾಗಿ ನಿದ್ದೆ ಬರಲಿ ಅಂತ ನಾನೇ ಸಂಜೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದೆ! ಫೋನ್ ಮಾಡಿ ಕರೆದವರು ಇದನ್ನು ಹೇಳಬೇಕಿತ್ತು ಅಲ್ವಾ? ಬಾತ್‌ರೂಮಿನಲ್ಲಿ ಎರಡು ಸಲ ಶಾಂಪೂ ಹಾಕಿ ತೊಳೆದು, ಒಣಗಿಸಿ ಬರುವಷ್ಟರಲ್ಲಿ ಹತ್ತೂಮುಕ್ಕಾಲು. ಅವಳು ಒಂದು ಮಾತೂ ಬೇಸರದಿಂದ ಆಡಲಿಲ್ಲ.

ಆಮೇಲೆ ಒಂದೊಂದೇ ವೈರು. ತಲೆಗೆ ಪೇಸ್ಟ್ ಹಚ್ಚಿ ನಾಲ್ಕಾರು, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಮೊಣಕಾಲ ಕೆಳಗೆ. ಮೂಗಿಗೆ ನಳಿಕೆ, ಎದೆಗೂ ಹೊಟ್ಟೆಗೂ ಪಟ್ಟಿ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್. ತಾಳಿ ತೆಗೀಬೇಕಾ ಅಂತ ಕೇಳಿದೆ. "ಬ್ಯಾಡ್ರಿ, ಬಾಜೂಕ ಸರಿಸಿದ್ರ ಸಾಕು" ಅಂದಳು. ಕಣ್ಣಿಗೆ ಯಾಕೆ ವೈರು ಅಂದರೆ, ಕನಸು ಬೀಳುವ ನಿದ್ದೆಯಲ್ಲಿ ರೆಪ್ಪೆ ಒಳಗೆ ಕಣ್ಣು ಪಟಪಟ ಓಡಾಡುತ್ತದೆ, ಗದ್ದದ ಸ್ನಾಯು ಸಡಿಲಾಗುತ್ತದೆ, ಅದರಿಂದಲೇ ಆ ನಿದ್ದೆ ಗುರುತಿಸುವುದು ಅಂತ ತಿಳಿಸಿದಳು. ಅದಕ್ಕೆ ರೆಮ್ ಅನ್ನುತ್ತಾರೆ. 1953ರಲ್ಲಿ ಶಿಕಾಗೋದಲ್ಲಿ ಕಂಡುಹಿಡಿದದ್ದು ಅಂತ ಆಮೇಲೆ ಮಗಳು ಹೇಳಿದಳು.

ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಬರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಬರುತ್ತದೆ. ಒಂದೂವರೆ ಸುಮಾರಿಗೆ ಅವಳೇ ಎಬ್ಬಿಸಿ ಮೂಗಿಗೆ ಮಾಸ್ಕ್ ಹಾಕಿದಳು. ಅಷ್ಟರಲ್ಲೇ ತಾಸಿಗೆ 46 ಸಲ ಉಸಿರು ನಿಂತೋ ಕಡಿಮೆಯಾಗಿಯೋ ಇತ್ತಂತೆ. ನಿದ್ದೆಯಲ್ಲಿ ಉಸಿರು ನಿಲ್ಲುವ ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ, 30 ದಾಟಿದರೆ ತೀವ್ರ ಅಂತ ಲೆಕ್ಕ. ಸಿಪ್ಯಾಪ್ ಅನ್ನುವ ಆ ಮಷಿನ್ ಗಾಳಿ ಒತ್ತಿ ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ, ಬೇರೇನೂ ಮಾಡುವುದಿಲ್ಲ. ಮೊದಲ ಹತ್ತು ನಿಮಿಷ ಬಸ್ಸಿನ ಕಿಟಕಿಗೆ ಮುಖ ಕೊಟ್ಟ ಹಾಗಿತ್ತು. ಆಮೇಲೆ ಐದಕ್ಕೆ ಎಬ್ಬಿಸಿದ್ದೇ ಗೊತ್ತು.

ಈಗ ಬೆಳಗಿನ ಕಥೆ. ಕೂದಲಲ್ಲಿ ಪೇಸ್ಟ್ ಇಟ್ಟುಕೊಂಡೇ ಹೊರಗೆ ಬಂದರೆ ಬಾಗಿಲಲ್ಲೇ ಮಷಿನ್ ಮಾರುವವನು ನಿಂತಿದ್ದ, ಕೈಯಲ್ಲಿ ಕಂತಿನ ಲೆಕ್ಕ. ನಾನಿನ್ನೂ ಡಾಕ್ಟರನ್ನೇ ನೋಡಿರಲಿಲ್ಲ! ಡಾಕ್ಟರು ಸಿಕ್ಕಿದ್ದು ನಾಲ್ಕು ನಿಮಿಷ. ಆರು ಪುಟದ ರಿಪೋರ್ಟ್, ಪೂರ್ತಿ ಇಂಗ್ಲಿಷ್. "ಮಷಿನ್ ತಗೊಳ್ಳಿ, ತೂಕ ಇಳಿಸಿ." ನಾನು ನುಂಗುತ್ತಿದ್ದ ಗುಳಿಗೆಗಳ ಹೆಸರನ್ನು ರಾತ್ರಿ ಆ ಹುಡುಗಿ ಕೇಳಿ ಬರೆದುಕೊಂಡಿದ್ದಳು. ರಿಪೋರ್ಟಿನಲ್ಲಿ ಔಷಧಿಯ ಜಾಗ ಖಾಲಿ. 9,500 ರೂಪಾಯಿ ಕಟ್ಟಿದ ಮೇಲೆ ಇದು ನನಗೆ ಹಿಡಿಸಲಿಲ್ಲ.

ಆ ಖಾಲಿ ಜಾಗ ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದು ಮನಸ್ಸಿನ ಡಾಕ್ಟರ್ ಹತ್ತಿರ ಹೋದಾಗ. ಮಗಳ ಹಟಕ್ಕೆ ಹೋದೆ. ಆ ಮೇಡಂ ರಿಪೋರ್ಟ್ ತಿರುವಿ ರೆಮ್ ಪುಟದ ಮೇಲೆ ಬೆರಳಿಟ್ಟು, "ಯಾವ ಗುಳಿಗೆ ತಗೋತೀರಿ?" ಅಂತ ಮೊದಲು ಕೇಳಿದರು. ರೆಮ್ ನಿದ್ದೆ ಸಾಮಾನ್ಯವಾಗಿ ಮಲಗಿದ ಸುಮಾರು 90 ನಿಮಿಷಕ್ಕೆ ಬರುತ್ತದಂತೆ. ಖಿನ್ನತೆ ಇದ್ದವರಲ್ಲಿ ಎಷ್ಟೋ ಸಲ ಅದಕ್ಕಿಂತ ಬೇಗ ಬರುತ್ತದೆ ಅನ್ನುವುದನ್ನು 1970ರ ದಶಕದಿಂದಲೇ ನೋಡಿದ್ದಾರೆ. ಎಸ್ಸಿಟಲೋಪ್ರಾಮ್ ತರಹದ ಗುಳಿಗೆ ಅದೇ ರೆಮ್ಮನ್ನು ತಡ ಮಾಡುತ್ತದೆ, ಕಡಿಮೆಯೂ ಮಾಡುತ್ತದೆ. ಗುಳಿಗೆ ಬರೆಯದೆ ರೆಮ್ ಅಂಕಿ ಬರೆದರೆ ಓದುವವರು ಏನಂತ ಓದಬೇಕು? ಇನ್ನು ಆಲ್‌ಪ್ರಜೋಲಾಮ್ ಜಾತಿಯ ಗುಳಿಗೆ ಗಂಟಲಿನ ಸ್ನಾಯು ಸಡಿಲ ಮಾಡಿ ಉಸಿರಿನ ತೊಂದರೆಯನ್ನು ಹೆಚ್ಚಿಸಬಹುದು. ಅಂದರೆ ನಿದ್ದೆ ಸರಿಹೋಗಲಿ ಅಂತ ನುಂಗಿದ್ದೇ ಅಡ್ಡ ಬಂದಿರಬಹುದು. ಹಾಗಂತ ತಟ್ಟನೆ ಬಿಡಬೇಡಿ ಅಂತ ಎಚ್ಚರಿಸಿ, ವಾರವಾರ ಸ್ವಲ್ಪಸ್ವಲ್ಪ ಇಳಿಸಿದರು.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಯ ಪಟ್ಟಿಯನ್ನೂ ತೋರಿಸಿದರು. ನಿದ್ದೆ ಸರಿ ಇಲ್ಲವೇ, ದಣಿವೇ, ಗಮನ ನಿಲ್ಲುವುದಿಲ್ಲವೇ ಅಂತ ಅದರಲ್ಲಿ ಮೂರು. ಉಸಿರು ಕಟ್ಟಿ ಏಳುವವರಿಗೂ ಆ ಮೂರೂ ಇರುತ್ತವೆ. ಅದರಲ್ಲೂ ಹೆಂಗಸರು ಗೊರಕೆ ಅಂತ ಬರುವುದಕ್ಕಿಂತ ಸುಸ್ತು, ತಲೆನೋವು, ಬೇಸರ ಅಂತಲೇ ಬರುವುದು ಜಾಸ್ತಿಯಂತೆ. ಹಾಗಾದರೆ ನನಗೆ ಖಿನ್ನತೆ ಇರಲೇ ಇಲ್ಲವಾ? "ಎರಡೂ ಅದಾವ್ರಿ, ಒಂದಕ್ಕೊಂದು ಎಳದಾಡ್ತಾವ" ಅಂದರು. ಮಷಿನ್ ಹಾಕಿದರೆ ಮನಸ್ಸೂ ಹಗುರಾಗುತ್ತಾ ಅಂದಿದ್ದಕ್ಕೆ 2016ರ ಒಂದು ದೊಡ್ಡ ಅಧ್ಯಯನದ ಮಾತು ಹೇಳಿದರು. 2,700ಕ್ಕೂ ಹೆಚ್ಚು ಹೃದಯ, ಮೆದುಳಿನ ರೋಗಿಗಳಲ್ಲಿ ಸಿಪ್ಯಾಪ್ ನೋಡಿದ್ದರಂತೆ. ಹೃದಯಾಘಾತ, ಲಕ್ವ ಕಡಿಮೆಯಾಗಲಿಲ್ಲ. ಹಗಲಿನ ತೂಕಡಿಕೆ ಇಳಿಯಿತು, ಮನಸ್ಸಿನ ಸ್ಥಿತಿ ಸುಧಾರಿಸಿತು. ಲಾಭ ಇಷ್ಟು, ಇಷ್ಟೇ ಅಂತ ಬಿಚ್ಚಿ ಹೇಳಿದ್ದು ನನಗೆ ಸೇರಿತು.

ಮಷಿನ್ ಈಗ ಬಾಡಿಗೆಗೆ ಇದೆ, ಐದು ತಿಂಗಳಾಯಿತು. ತಲೆನೋವು ಎರಡು ವಾರಕ್ಕೇ ಹೋಯಿತು. ಮೂರು ಗಂಟೆಗೆ ಎಚ್ಚರವಾಗುವುದು ಮಾತ್ರ ನಿಂತಿರಲಿಲ್ಲ. ಅದಕ್ಕೆ ಮೇಡಂ ಗುಳಿಗೆ ಬರೆಯದೆ ನಿಯಮ ಕೊಟ್ಟರು: ಹತ್ತೂವರೆಗೆ ಮುಂಚೆ ಹಾಸಿಗೆಗೆ ಹೋಗಬಾರದು, ಎಚ್ಚರಾದರೆ ಹೊರಳಾಡದೆ ಎದ್ದು ಕೂರಬೇಕು. ಎದ್ದು ಶೇಂಗಾ ಸುಲಿಯುತ್ತೇನೆ. ಈಗ ವಾರಕ್ಕೆ ಒಂದೋ ಎರಡೋ ಸಲ ಮಾತ್ರ. ಎಸ್ಸಿಟಲೋಪ್ರಾಮ್ ಇನ್ನೂ ನಡೆದಿದೆ.

ಒಂದು ತಾಪತ್ರಯ ಯಾರೂ ಹೇಳಿರಲಿಲ್ಲ. ಮಷಿನ್ ಹಿಂದಿನ ಫಿಲ್ಟರ್ ತಿಂಗಳಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ ಅಂದಿದ್ದರು. ನಮ್ಮದು ಎಂಟೇ ದಿನಕ್ಕೆ ಬೆಳ್ಳಗಾಯಿತು. ತೆಗೆದು ತಟ್ಟಿದರೆ ಜೋಳದ ಹಿಟ್ಟು! ಈಗ ಮಷಿನ್ನನ್ನು ಕಿಟಕಿ ಕಡೆಗೆ ಇಟ್ಟಿದ್ದೇನೆ. ಗಾಳಿಗೆ ತೇವ ಕೊಡಲು ಅದಕ್ಕೊಂದು ನೀರಿನ ಡಬ್ಬಿ ಇರುತ್ತದೆ, ನಮ್ಮ ಗಡಸು ನೀರನ್ನು ಅದಕ್ಕೆ ಹಾಕಬೇಡಿ, ಉಪ್ಪು ಕಟ್ಟುತ್ತದೆ. ಮೆಡಿಕಲ್ ಶಾಪಿನ ಡಿಸ್ಟಿಲ್ಡ್ ವಾಟರ್ ತನ್ನಿ. ಕರೆಂಟ್ ಹೋದರೆ ಮಷಿನ್ ನಿಲ್ಲುತ್ತದೆ, ಇನ್ವರ್ಟರ್ ಬೇಕು.

ಟೆಸ್ಟಿಗೆ ಹೋಗುವವರು ಗುಳಿಗೆ ಚೀಟಿ ಒಯ್ಯಿರಿ, ಅದು ರಿಪೋರ್ಟಿನಲ್ಲಿ ಏರಿದೆಯಾ ಅಂತ ನಿಂತು ನೋಡಿ. ತಲೆಗೆ ಎಣ್ಣೆ ಬೇಡ. ಬುತ್ತಿ ಕಟ್ಟಿಕೊಂಡು ಹೋಗಿ, ಅಲ್ಲಿನ ಕ್ಯಾಂಟೀನ್ ಎಂಟಕ್ಕೇ ಮುಚ್ಚುತ್ತದೆ. ಆ ಇಂಡಿ ಹುಡುಗಿಯ ಡ್ಯೂಟಿ ಇರುವ ದಿನ ಕೇಳಿಕೊಂಡೇ ತಾರೀಖು ತಗೊಳ್ಳಿ.