ಸದಾ ತಡವಾಗುವವರಿಗೆ ಎರಡು ದಾರಿ: ಮೊದಲೇ ಹೊರಡುವುದೇ, ಭೇಟಿಯ ಜಾಗ ಬದಲಿಸುವುದೇ?

ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಸುಮಾರು 60 ಕಿಲೋಮೀಟರ್, ಒಂದೂವರೆ ಗಂಟೆ ಸಾಕೆಂದು ನಾನು ವರ್ಷಗಟ್ಟಲೆ ಲೆಕ್ಕ ಹಾಕುತ್ತಿದ್ದೆ. ಮನೆಗೆ ಬೀಗ ಹಾಕುವ ಹೊತ್ತು, ನಿಲ್ದಾಣದವರೆಗಿನ ನಡಿಗೆ, ಬೇಲೂರಿನಲ್ಲಿ ಬಸ್ಸು ನಿಲ್ಲುವ ಹೊತ್ತು ಆ ಲೆಕ್ಕದಲ್ಲಿ ಇರುತ್ತಲೇ ಇರಲಿಲ್ಲ. ಇಂಥ ತಪ್ಪೆಣಿಕೆಯನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್‌ಸ್ಕಿ 1979ರಲ್ಲೇ ವಿವರಿಸಿ, ಹಿಂದಿನ ಅನುಭವಗಳನ್ನೇ ಅಂದಾಜಿಗೆ ಆಧಾರವಾಗಿಟ್ಟುಕೊಳ್ಳಬೇಕೆಂದು ಸೂಚಿಸಿದ್ದರು.

ಮೊದಲೇ ಹೊರಡುವ ದಾರಿ ಈ ಸೂಚನೆಗೆ ಹತ್ತಿರವಾದುದು: ಹಿಂದಿನ ಐದಾರು ಪ್ರಯಾಣಗಳಿಗೆ ನಿಜವಾಗಿ ಹಿಡಿದ ಸಮಯವನ್ನು ಬರೆದಿಟ್ಟು, ಅದರಲ್ಲಿ ಅತಿ ಹೆಚ್ಚಿನದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮುಹೂರ್ತ, ವೈದ್ಯರ ಭೇಟಿ, ರೈಲು ಇವಕ್ಕೆ ಬೇರೆ ದಾರಿಯಿಲ್ಲ. ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾಲ್ಕೇ ದಿನದಲ್ಲಿ ಮನಸ್ಸು ಆ ಹತ್ತು ನಿಮಿಷವನ್ನು ಕಳೆದು ನೋಡಲು ಕಲಿಯುತ್ತದೆ.

ಜಾಗ ಬದಲಿಸುವುದರಿಂದ ನಮ್ಮ ತಡ ಕಡಿಮೆಯಾಗದಿದ್ದರೂ ಕಾಯುವವರ ಕಷ್ಟ ಕಡಿಮೆಯಾಗುತ್ತದೆ. ಒಮ್ಮೆ ಆಷಾಢದ ಮಳೆಯಲ್ಲಿ ನನ್ನ ಗೆಳತಿ ಚಿಕ್ಕಮಗಳೂರಿನ ಬಸ್ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಂತಿದ್ದಳು. ನಾನು ಇಳಿದಾಗ ಅವಳ ಸೀರೆಯ ಅಂಚು ಪೂರ್ತಿ ನೆನೆದಿತ್ತು, ನನಗೆಂದು ಹಿಡಿದಿದ್ದ ಕಾಫಿಯ ಮೇಲೆ ಕೆನೆ ಕಟ್ಟಿತ್ತು. “ಒಂದು ಫೋನಾದರೂ ಮಾಡಬಾರದಿತ್ತೇನೇ?” ಎಂದಷ್ಟೇ ಕೇಳಿದಳು. ಅಂದಿನಿಂದ ಅವಳ ಮನೆಗೇ ಹೋಗುತ್ತೇನೆ, ಬೇಲೂರು ದಾಟಿದ ಕೂಡಲೇ ಫೋನ್ ಮಾಡುತ್ತೇನೆ. ಅಲ್ಲಿಂದ ಉಳಿಯುವುದು ಸುಮಾರು 25 ಕಿಲೋಮೀಟರ್ ಆದ್ದರಿಂದ ಹೇಳಿದ ಹೊತ್ತು ಹೆಚ್ಚು ತಪ್ಪುವುದಿಲ್ಲ, ಅವಳ ಕೆಲಸವೂ ನಿಲ್ಲುವುದಿಲ್ಲ.

ಇಬ್ಬರೇ ಸೇರುವಾಗ ನಾನು ಎರಡನೆಯದನ್ನೇ ಆರಿಸುತ್ತೇನೆ. ಮೂರನೆಯವರೊಬ್ಬರು ಕಾಯುವಂತಿದ್ದರೆ, ಅವರು ಎಷ್ಟೇ ಆತ್ಮೀಯರಾಗಿದ್ದರೂ, ಮೊದಲನೆಯದನ್ನೇ ಪಾಲಿಸಬೇಕು.