ಹಳೇ ಅಕೌಂಟ್ ಗುಡಿಸೋಕೆ ಮೂರು ದಾರಿ, ನನ್ನ ಓಟು ಪವರ್‌ಶೆಲ್‌ಗೆ
ನಮ್ಮ ಆಫೀಸಿನ ಆಕ್ಟಿವ್ ಡೈರೆಕ್ಟರಿಯಲ್ಲಿ (ಎಡಿ; ಎಲ್ಲರ ಲಾಗಿನ್ ಅಕೌಂಟುಗಳನ್ನು ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ಕೆಲಸ ಬಿಟ್ಟವರ ಅಕೌಂಟುಗಳು, ಗುಜರಿ ಸೇರಿದ ಕಂಪ್ಯೂಟರುಗಳ ಹೆಸರುಗಳು ಹಾಗೇ ಕೂತಿದ್ದವು. ಆಡಿಟ್‌ನವರು ಬರುತ್ತಾರೆ ಅಂದಾಗಲೇ ಪೊರಕೆ ನೆನಪಾಗೋದು, ಅಲ್ವಾ? ಮೂರು ದಾರಿ ನೋಡಿದೆ: ಒಂದು ರೆಡಿಮೇಡ್ ಟೂಲ್, ಮತ್ತೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಮೈಕ್ರೋಸಾಫ್ಟ್‌ನ ಡಿಎಸ್‌ಕ್ವೆರಿ, ಪವರ್‌ಶೆಲ್. ನಾನು ಪವರ್‌ಶೆಲ್ ಪಕ್ಷ, ಮೊದಲೇ ಹೇಳಿಬಿಡುತ್ತೇನೆ.

ಶುರು ಮಾಡಿದ್ದು ಮಾತ್ರ ಒಂದು ರೆಡಿಮೇಡ್ ಟೂಲ್‌ನ ಟ್ರಯಲ್‌ನಿಂದ. 90 ದಿನದಿಂದ ಲಾಗಿನ್ ಆಗದವರ ಪಟ್ಟಿ ಒಂದೇ ಕ್ಲಿಕ್ಕಿಗೆ ಬಂತು. ಶನಿವಾರ ಸಂಜೆ ಎಲ್ಲರನ್ನೂ ಡಿಸೇಬಲ್ ಮಾಡಿ ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಮೈಸೂರು ಬ್ರಾಂಚಿನಿಂದ ಫೋನ್ ಮೇಲೆ ಫೋನ್. "ಸಾರ್, ನಮಗ್ಯಾರಿಗೂ ಲಾಗಿನ್ ಆಗ್ತಿಲ್ಲ."

ಆ ಟೂಲ್ ಓದಿದ್ದು 'ಲಾಸ್ಟ್‌ಲಾಗಾನ್' ಅನ್ನೋ ದಿನಾಂಕ. ಯಾವ ಡೊಮೈನ್ ಕಂಟ್ರೋಲರ್ (ಲಾಗಿನ್ ಪರಿಶೀಲಿಸುವ ಎಡಿ ಸರ್ವರ್) ಲಾಗಿನ್ ಮಾಡಿಸಿತೋ ಅದು ಮಾತ್ರ ಇದನ್ನು ಬರೆದಿಟ್ಟುಕೊಳ್ಳುತ್ತದೆ, ಪಕ್ಕದ ಸರ್ವರ್‌ಗೆ ಹೇಳುವುದಿಲ್ಲ. ಮೈಸೂರಿನವರು ದಿನಾ ಲಾಗಿನ್ ಆಗುವುದು ಅಲ್ಲಿನ ಸರ್ವರ್‌ನಲ್ಲಿ. ಟೂಲ್ ಕೇಳಿದ್ದು ಬೆಂಗಳೂರಿನ ಸರ್ವರ್ ಒಂದನ್ನೇ, ಅದರ ಲೆಕ್ಕದಲ್ಲಿ ಅವರೆಲ್ಲ ತಿಂಗಳುಗಟ್ಟಲೆ ನಾಪತ್ತೆ! ಎಲ್ಲ ಸರ್ವರ್‌ಗಳನ್ನೂ ಕೇಳುವ ಟಿಕ್ ಸೆಟ್ಟಿಂಗ್ಸ್ ಒಳಗೆಲ್ಲೋ ಇತ್ತು. ನೋಡದೇ ಇದ್ದದ್ದು ನನ್ನ ತಪ್ಪು. ಆದರೂ ಅದನ್ನು ಮೊದಲೇ ಹಾಕಿಡೋಕೆ ಏನಾಗಿತ್ತು?

ಸರ್ವರುಗಳು ಹಂಚಿಕೊಳ್ಳುವುದು 'ಲಾಸ್ಟ್‌ಲಾಗಾನ್‌ಟೈಮ್‌ಸ್ಟ್ಯಾಂಪ್' ಅನ್ನು. ಅದೂ ಪ್ರತಿ ಲಾಗಿನ್‌ಗೆ ಬದಲಾಗಲ್ಲ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ 9ರಿಂದ 14 ದಿನ ಹಿಂದೆ ಬಿದ್ದಿರಬಹುದು. 90 ದಿನದ ಲೆಕ್ಕಕ್ಕೆ ಅಷ್ಟು ಹೆಚ್ಚುಕಮ್ಮಿ ನಡೆಯುತ್ತದೆ. 15 ದಿನಕ್ಕೇ ಗುಡಿಸಲು ಹೊರಟರೆ ಮತ್ತೆ ಫೋನ್ ಬರುತ್ತದೆ.

ಡಿಎಸ್‌ಕ್ವೆರಿ ಹಳೇ ಆಳು. ದಿನ ಅಲ್ಲ, ವಾರದ ಲೆಕ್ಕದಲ್ಲಿ ಕೇಳಬೇಕು. ಲಿಮಿಟ್ 0 ಅನ್ನದಿದ್ದರೆ 100 ಹೆಸರಿಗೇ ನಿಲ್ಲುತ್ತದೆ. ಇಷ್ಟೇನಾ ಕಸ ಅಂತ ಸುಮ್ನೆ ಖುಷಿಪಟ್ಟಿದ್ದೆ.

ಪವರ್‌ಶೆಲ್‌ನ 'ಸರ್ಚ್-ಎಡಿಅಕೌಂಟ್' ಕಮಾಂಡ್ ಸರ್ವರುಗಳು ಹಂಚಿಕೊಂಡ ದಿನಾಂಕವನ್ನೇ ನೋಡುತ್ತದೆ. ಪಟ್ಟಿಯನ್ನು ಸಿಎಸ್‌ವಿ ಮಾಡಿ ಎಚ್‌ಆರ್‌ಗೆ ಕಳಿಸುತ್ತೇನೆ. ಹೆರಿಗೆ ರಜೆಯಲ್ಲಿದ್ದ ಒಬ್ಬರನ್ನು ಅವರೇ ಉಳಿಸಿದರು. ಆಮೇಲೆ 'ವಾಟ್‌ಇಫ್' ಹಾಕಿ ಒಂದು ಸಲ ಸುಳ್ಳು ಓಟ: ನಿಜವಾಗಿ ಏನೂ ಬದಲಾಗಲ್ಲ, ಏನಾಗುತ್ತಿತ್ತು ಅಂತ ಮಾತ್ರ ತೋರಿಸುತ್ತದೆ. ನಂತರ ಡಿಸೇಬಲ್ ಮಾಡಿ ಬೇರೆ ಓಯುಗೆ (ಎಡಿ ಒಳಗಿನ ಫೋಲ್ಡರ್ ಥರದ್ದು) ಸರಿಸಿ, 60 ದಿನ ಬಿಟ್ಟು ಡಿಲೀಟ್.

ಕಂಪ್ಯೂಟರ್ ಅಕೌಂಟಿನಲ್ಲಿ ಮಾತ್ರ ಹುಷಾರು. ಬಿಟ್‌ಲಾಕರ್ ರಿಕವರಿ ಕೀಗಳನ್ನು (ಲಾಕ್ ಆದ ಡಿಸ್ಕ್ ತೆರೆಯುವ ಕೀಗಳು) ಎಡಿಯಲ್ಲಿ ಇಡುವವರಾದರೆ, ಅವು ಆ ಅಕೌಂಟಿನ ಕೆಳಗೇ ಇರುತ್ತವೆ, ಅದರ ಜೊತೆಗೇ ಹೋಗುತ್ತವೆ. 'ರಿಮೂವ್-ಎಡಿಕಂಪ್ಯೂಟರ್' ಅಂಥದ್ದನ್ನು ಅಳಿಸಲು ಒಪ್ಪಲ್ಲ, ಕೆಳಗೆ ಇನ್ನೇನೋ ಇದೆ ಎಂದು ತಕರಾರು ತೆಗೆಯುತ್ತದೆ. ಆ ಹಟವೇ ನನ್ನನ್ನು ಒಮ್ಮೆ ಉಳಿಸಿತು. ಇರಲಿ ಅಂತ ಎಡಿಯ ರೀಸೈಕಲ್ ಬಿನ್ ಕೂಡ ಆನ್ ಮಾಡಿದ್ದೇನೆ. ಮತ್ತೆ ಆಫ್ ಮಾಡಲು ಬರಲ್ಲ, ಬೇಕಾಗಿಯೂ ಇಲ್ಲ.

ಸಾವಿರಗಟ್ಟಲೆ ಜನ ಇರುವ ಕಡೆ, ಬಾಸ್‌ಗೆ ಬಣ್ಣದ ರಿಪೋರ್ಟ್ ಬೇಕಾದ ಕಡೆ ಆ ಟೂಲ್ ಸರಿ. ನಮ್ಮದು ಮುನ್ನೂರು ಚಿಲ್ಲರೆ ಅಕೌಂಟು. ಇದಕ್ಕೆ ವರ್ಷ ವರ್ಷ ಲೈಸೆನ್ಸ್ ದುಡ್ಡು ಕೇಳುವ ಧೈರ್ಯ ನನಗಿಲ್ಲ. ಡಿಸೇಬಲ್ ಮಾಡುವ ಕೆಲಸ ಈಗ ಮಂಗಳವಾರ ಬೆಳಿಗ್ಗೆ, ನಾನು ಸೀಟಿನಲ್ಲಿ ಇರುವಾಗ.