ಅರಬ್ ಬೀದಿಯ ಯೆಮನಿ ಹೋಟೆಲ್: ಊಟ ಚೆನ್ನ, ಉಪಚಾರ ಅಷ್ಟಕ್ಕಷ್ಟೆ

ಕೌಲಾಲಂಪುರದ ಬುಕಿತ್ ಬಿಂತಾಂಗ್‌ನಲ್ಲಿ ಜಾಲನ್ ಬೆರಂಗನ್ ಅಂದರೆ ಅರಬ್ ಬೀದಿ ಅಂತಲೇ ಲೆಕ್ಕ. ಅಲ್ಲಿನ ಒಂದು ಯೆಮನಿ ಹೋಟೆಲ್‌ಗೆ ಜುಲೈನಲ್ಲಿ ಹೋಗಿದ್ದೆ. ಗಲ್ಫ್‌ನಲ್ಲಿ ಬಿಸಿಲು ಸುಡುವ ತಿಂಗಳು, ಶಾಲೆಗೂ ರಜೆ. ಹಾಗಾಗಿ ಸುತ್ತಲೂ ಸೌದಿ, ಕುವೈತ್ ಕುಟುಂಬಗಳೇ ಜಾಸ್ತಿ. ಮಲೇಷ್ಯಾದಲ್ಲಿ ಹಲಾಲ್ ಊಟಕ್ಕೆ ಅಲೆಯಬೇಕಿಲ್ಲ, ಮಾಲ್‌ಗಳಲ್ಲೂ ನಮಾಜಿಗೆ ಕೋಣೆ ಇರುತ್ತದೆ. 2001ರಲ್ಲಿ ಅಮೆರಿಕದ ಮೇಲೆ ನಡೆದ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕ, ಯುರೋಪ್ ಬಿಟ್ಟು ಇತ್ತ ಬರುವ ಅರಬ್ಬರು ಹೆಚ್ಚಾದದ್ದು ಸುಮ್ನೆ ಅಲ್ಲ.

ಕುರಿ ಮಾಂಸದ ‘ಮಂದಿ’ ರೈಸ್ (ಅನ್ನದ ಮೇಲೆ ಮಾಂಸ ಇಟ್ಟು ಕೊಡುವ ಯೆಮನಿ ಊಟ) ತರಿಸಿದೆ. ಅನ್ನ ಉದುರುದುರಾಗಿತ್ತು. ಮಾಂಸ ಬೆರಳು ತಾಗಿದರೆ ಸಾಕು, ಮೂಳೆ ಬಿಡುತ್ತಿತ್ತು. ಖಾರ ಮಾತ್ರ ಇಲ್ಲವೇ ಇಲ್ಲ. ಜೊತೆಗೆ ಕೊಟ್ಟ ಟೊಮೆಟೊ, ಹಸಿಮೆಣಸಿನ ಚಟ್ನಿ ನನ್ನ ನಾಲಿಗೆ ಉಳಿಸಿತು. ಒಬ್ಬರ ತಟ್ಟೆ ಅಂದರು, ಇಬ್ಬರು ಆರಾಮಾಗಿ ತಿನ್ನಬಹುದು. ಪುದೀನ ಚಹಾ ಬರೀ ಸಕ್ಕರೆ ಪಾಕ, ಕಡಿಮೆ ಹಾಕಿ ಅಂತ ಮೊದಲೇ ಹೇಳಿಬಿಡಿ.

ಮೆನುವಿನಲ್ಲಿ 45 ರಿಂಗಿಟ್ ಅಂತಿತ್ತು. ಬಿಲ್ ಬಂದಾಗ ಸರ್ವಿಸ್ ಚಾರ್ಜ್, ತೆರಿಗೆ ಬೇರೆ! ಬಡಿಸುವ ಹುಡುಗರು ಅರಬ್ಬಿ ಮಾತಾಡುವ ಟೇಬಲ್‌ಗಳ ಕಡೆಗೇ ಓಡುತ್ತಿದ್ದರು, ನೀರಿಗೆ ಕೂಗಿ ಕೂಗಿ ಸಾಕಾಯಿತು. ಹೋಗುವುದಾದರೆ ಸಂಜೆಯೇ ಹೋಗಿ. ರಾತ್ರಿ ಹತ್ತರ ಮೇಲೆ ಕುರ್ಚಿ ಸಿಗುವುದಿಲ್ಲ, ಗಲ್ಫ್‌ನವರು ಊಟಕ್ಕೆ ಬರುವುದೇ ಆಗ.